ಮುಖದ ಚಲನೆಯನ್ನು ತಿಳಿಸುವ ಚರ್ಮ

ಕಣ್ಣು ಮುಚ್ಚಿಕೊಂಡು ಮೊಣಕೈಯನ್ನು ಮಡಿಸಿರಿ. ಅದು ಎಷ್ಟು ಬಾಗಿತೆಂಬುದು ನೋಡದೆಯೇ ತಿಳಿಯುತ್ತದೆ. ತೋಳಿನ ಸ್ನಾಯುಗಳೊಳಗೆ ಕದಿರಿನ ಆಕಾರದ ಸೂಕ್ಷ್ಮ ಜ್ಞಾನಾಂಗಗಳು ಹುದುಗಿವೆ. ಸ್ನಾಯು ಎಳೆಯಲ್ಪಟ್ಟಾಗ ಅವು ಆ ಸುದ್ದಿಯನ್ನು ನರಗಳ ಮೂಲಕ ಮಿದುಳಿಗೆ ಮುಟ್ಟಿಸುತ್ತವೆ.

ಈಗ ತುಟಿಯ ಒಂದು ಕೊನೆಯನ್ನು ಮಾತ್ರ ತುಸು ಮೇಲಕ್ಕೆತ್ತಿರಿ. ಅದೂ ತಿಳಿಯುತ್ತದೆ. ಆದರೆ ಇಲ್ಲೊಂದು ಸೋಜಿಗವುಂಟು. ನಗೆಯನ್ನೂ ಹುಬ್ಬುಗಂಟನ್ನೂ ಮೂಡಿಸುವ ಸ್ನಾಯುಗಳಲ್ಲಿ ಇಂತಹ ಕದಿರುಗಳು ಇಲ್ಲವೆನ್ನುವಷ್ಟು ವಿರಳ. ಈ ಸ್ನಾಯುಗಳು ಬಾಗಿಸುವ ಕೀಲೂ ಇಲ್ಲ. ಹಾಗಾದರೆ ಸುದ್ದಿಯನ್ನು ತರುವವರಾರು?

ಉತ್ತರವು ಮುಖದ ರಚನೆಯಲ್ಲಿಯೇ ಅಡಗಿದೆ. ಕೈಕಾಲುಗಳ ಸ್ನಾಯುಗಳು ಸಾಮಾನ್ಯವಾಗಿ ಮೂಳೆಯಿಂದ ಮೂಳೆಗೆ ಹಬ್ಬಿವೆ. ಮುಖಭಾವದ ಸ್ನಾಯುಗಳಾದರೋ ಹೆಚ್ಚಾಗಿ ಚರ್ಮಕ್ಕೇ ಅಂಟಿಕೊಂಡಿವೆ. ಅವು ಸಂಕೋಚಗೊಂಡೊಡನೆ ಚರ್ಮವು ಒಂದೆಡೆ ಬಿಗಿಯುತ್ತದೆ, ಮತ್ತೊಂದೆಡೆ ನೆರಿಗೆಗಟ್ಟುತ್ತದೆ. ಚರ್ಮದೊಳಗಿನ ಸ್ಪರ್ಶಗ್ರಾಹಿಗಳು ಈ ಸೆಳೆತವನ್ನು ಗುರುತಿಸುತ್ತವೆ. ಮಿದುಳಿನಿಂದ ಹೊರಡುವ ಹನ್ನೆರಡು ಜೊತೆ ನರಗಳಲ್ಲಿ ಏಳನೆಯದು ಮುಖಕ್ಕೆ ಅಪ್ಪಣೆಯನ್ನು ಒಯ್ಯುತ್ತದೆ. ಐದನೆಯದು ಚರ್ಮದ ವರದಿಯನ್ನು ಹಿಂದಕ್ಕೆ ತರುತ್ತದೆ.

ಇದು ಬರಿಯ ಊಹೆಯಲ್ಲ. ಎಚ್ಚರವಾಗಿರುವ ಮನುಷ್ಯನ ನರದೊಳಕ್ಕೆ ಕೂದಲೆಳೆಯಂತಹ ಸೂಜಿಯನ್ನಿಳಿಸಿ ವಿದ್ಯುತ್ ಸಂಕೇತಗಳನ್ನು ಆಲಿಸುವ ವಿಧಾನವನ್ನು 1960ರ ದಶಕದಲ್ಲಿ ಸ್ವೀಡನ್ನಿನ ಹಾಗ್‌ಬಾರ್ತ್ ಮತ್ತು ವಾಲ್ಬೋ ರೂಪಿಸಿದರು. 1980ರ ದಶಕದಲ್ಲಿ ಇದನ್ನು ಮುಖದ ನರಗಳಿಗೆ ಅನ್ವಯಿಸಿದಾಗ, ಯಾರೂ ಮುಟ್ಟದಿದ್ದರೂ, ತುಟಿಕೆನ್ನೆಗಳು ಚಲಿಸಿದ ಮಾತ್ರಕ್ಕೆ ಚರ್ಮದ ಗ್ರಾಹಿಗಳು ಸಂಕೇತ ಕಳುಹಿಸುವುದು ಕಂಡುಬಂದಿತು.

ಮಾತಿಗೂ ಈ ಅರಿವಿಗೂ ನಂಟಿದೆ. 2009ರಲ್ಲಿ ಇಟೊ, ಟೀಡ್ ಮತ್ತು ಆಸ್ಟ್ರಿ ಎಂಬ ವಿಜ್ಞಾನಿಗಳು ‘ಹೆಡ್’, ‘ಹ್ಯಾಡ್’ ಎಂಬ ಎರಡು ಇಂಗ್ಲಿಷ್ ಶಬ್ದಗಳ ನಡುವಣ ಅಸ್ಪಷ್ಟ ಧ್ವನಿಗಳನ್ನು ಕೇಳಿಸುತ್ತ, ಕೇಳುವವರ ಬಾಯಿಯ ಪಕ್ಕದ ಚರ್ಮವನ್ನು ಯಂತ್ರದಿಂದ ಮೆಲ್ಲನೆ ಎಳೆದರು. ಮೇಲಕ್ಕೆಳೆದಾಗ ‘ಹೆಡ್’ ಎಂದೂ ಕೆಳಕ್ಕೆಳೆದಾಗ ‘ಹ್ಯಾಡ್’ ಎಂದೂ ಕೇಳುವುದು ಹೆಚ್ಚಾಯಿತು. ಚರ್ಮದ ಸೆಳೆತವು ಕಿವಿಯ ತೀರ್ಪನ್ನೇ ಬದಲಿಸಿತ್ತು!

ಈ ವರದಿಯ ಬೆಲೆ ಅದು ನಿಂತಾಗ ಅರಿವಾಗುತ್ತದೆ. ದಂತವೈದ್ಯರು ಕೆಳದವಡೆಗೆ ಮರವಟ್ಟಿಸುವ ಮದ್ದನ್ನು ಚುಚ್ಚಿದಾಗ ತುಟಿ ಊದಿದಂತೆ ತೋರುತ್ತದೆ. ಕನ್ನಡಿಯಲ್ಲಿ ಮೊದಲಿನಂತೆಯೇ ಇರುತ್ತದೆ. ತುಟಿಯನ್ನು ಆಡಿಸುವ ನರ ಕೆಲಸ ಮಾಡುತ್ತಿದ್ದರೂ ನೀರು ಕುಡಿಯುವಾಗ ಹನಿ ಜಾರಬಹುದು. ಮಕ್ಕಳು ತಿಳಿಯದೆಯೇ ತುಟಿಯನ್ನು ಕಚ್ಚಿಕೊಂಡು ಗಾಯಮಾಡಿಕೊಳ್ಳುವುದುಂಟು. ಆದುದರಿಂದಲೇ ಸ್ಪರ್ಶವು ಮರಳುವವರೆಗೆ ಏನನ್ನೂ ಅಗಿಯಬಾರದೆಂದು ವೈದ್ಯರು ಹೇಳುತ್ತಾರೆ. ಚರ್ಮವು ಮುಖಕ್ಕೆ ಹೊದಿಕೆ ಮಾತ್ರವಲ್ಲ. ಅದರ ಚಲನೆಗೆ ಕಾವಲೂ ಹೌದು.