ಕರೆಯುವ ಮಾತು

ಬೆಳಗಿನ ಪ್ರಾರ್ಥನೆ ಮುಗಿಯುತ್ತದೆ. ಉಪಾಧ್ಯಾಯರು ಹಾಜರಿ ಪುಸ್ತಕವನ್ನು ತೆರೆದು ಒಂದೊಂದೇ ಹೆಸರನ್ನು ಕೂಗುತ್ತಾರೆ. ನಮ್ಮ ಹೆಸರು ಕಿವಿಗೆ ಬಿದ್ದೊಡನೆ ಎದ್ದು ನಿಂತು ಉತ್ತರ ಕೊಡುತ್ತೇವೆ. ಇದು ದಿನನಿತ್ಯದ ಸಂಗತಿ. ಇದರಲ್ಲಿ ವಿಶೇಷವೇನೂ ಕಾಣುವುದಿಲ್ಲ. ಆದರೆ ಒಂದು ದಿನ ಯಾರೋ ನಿಮ್ಮ ಹೆಸರನ್ನು ಬಿಟ್ಟು, ನಿಮ್ಮ ನಡಿಗೆಯನ್ನೋ ದನಿಯನ್ನೋ ಅಣಕಿಸುವ ಮಾತಿನಿಂದ ನಿಮ್ಮನ್ನು ಕರೆದರೆಂದು ಭಾವಿಸಿರಿ. ತರಗತಿಯೆಲ್ಲ ನಗುತ್ತದೆ. ಮರುದಿನವೂ ಅದೇ ಮಾತು, ಅದೇ ನಗೆ. ಕೆಲವೇ ದಿನಗಳಲ್ಲಿ ಶಾಲೆಯ ದಾರಿಯೇ ಬೇಡವೆನಿಸುತ್ತದೆ. ‘ಮಾತೇ ಮುತ್ತು, ಮಾತೇ ಮೃತ್ಯು’ ಎಂದು ನಮ್ಮ ಹಿರಿಯರು ಹೇಳಿದುದು ಸುಮ್ಮನೆ ಅಲ್ಲ. ಹೀಗೆ ಅಣಕದ ಮಾತಿಗೆ ಅಂಜಿ ಶಾಲೆಯನ್ನೂ ಮನೆಯನ್ನೂ ತೊರೆದವರು ನಮ್ಮ ನಡುವೆ ಇದ್ದಾರೆ. ಅವರನ್ನು ಕರೆಯುವ ಸರಿಯಾದ ಮಾತು ಯಾವುದು ಎಂಬುದೇ ಈ ಪಾಠದ ವಿಷಯ.

ಮಗು ಹುಟ್ಟಿದೊಡನೆ ಅದರ ದೇಹವನ್ನು ನೋಡಿ ಗಂಡು ಅಥವಾ ಹೆಣ್ಣು ಎಂದು ಹೇಳುತ್ತೇವೆ. ಬೆಳೆದಂತೆಲ್ಲ ತಾನು ಯಾರೆಂಬ ಅರಿವು ಮಗುವಿನ ಮನಸ್ಸಿನಲ್ಲಿ ತಾನಾಗಿಯೇ ಮೂಡುತ್ತದೆ. ಈ ಒಳಗಿನ ಅರಿವಿಗೆ ಲಿಂಗತ್ವದ ಗುರುತು ಎಂದು ಹೆಸರು. ಬಹುಮಂದಿಯಲ್ಲಿ ಹುಟ್ಟಿದಾಗ ಹೇಳಿದ ಮಾತಿಗೂ ಈ ಅರಿವಿಗೂ ಹೊಂದಿಕೆ ಇರುತ್ತದೆ. ಕೆಲವರಲ್ಲಿ ಇರುವುದಿಲ್ಲ. ಅಂಥವರನ್ನು ಟ್ರಾನ್ಸ್‌ಜೆಂಡರ್ ವ್ಯಕ್ತಿಗಳೆಂದೂ, ನಮ್ಮ ನಾಡಿನಲ್ಲಿ ಲಿಂಗತ್ವ ಅಲ್ಪಸಂಖ್ಯಾತರೆಂದೂ ಕರೆಯುವುದುಂಟು. ಗಂಡೆಂದು ಗುರುತಿಸಲ್ಪಟ್ಟು, ತಾನು ಹೆಣ್ಣೆಂದು ಅರಿತವರು ಟ್ರಾನ್ಸ್ ಮಹಿಳೆ. ಹೆಣ್ಣೆಂದು ಗುರುತಿಸಲ್ಪಟ್ಟು, ತಾನು ಗಂಡೆಂದು ಅರಿತವರು ಟ್ರಾನ್ಸ್ ಪುರುಷ. ತಾವು ಈ ಎರಡರಲ್ಲಿ ಯಾವುದಕ್ಕೂ ಪೂರ್ಣವಾಗಿ ಸೇರಿದವರಲ್ಲವೆಂದು ಅರಿತವರೂ ಇದ್ದಾರೆ. ಹುಟ್ಟಿನಿಂದಲೇ ದೇಹದ ಲಕ್ಷಣಗಳು ರೂಢಿಯ ಗಂಡು ಹೆಣ್ಣುಗಳ ಲಕ್ಷಣಕ್ಕೆ ಹೊಂದದವರನ್ನು ಅಂತರಲಿಂಗಿಗಳು ಎನ್ನುತ್ತಾರೆ.

ಇನ್ನೊಂದು ಸಂಗತಿಯನ್ನು ಇದರೊಡನೆ ಬೆರೆಸಬಾರದು. ಪ್ರಾಯಕ್ಕೆ ಬಂದವರ ಮನಸ್ಸು ಯಾರ ಕಡೆಗೆ ಒಲಿಯುತ್ತದೆ ಎಂಬುದು ಲೈಂಗಿಕ ಒಲವು. ಹಲವರ ಒಲವು ಭಿನ್ನ ಲಿಂಗದವರ ಕಡೆಗೆ. ಕೆಲವರದು ತಮ್ಮದೇ ಲಿಂಗದವರ ಕಡೆಗೆ. ಮತ್ತೆ ಕೆಲವರದು ಇಬ್ಬರ ಕಡೆಗೂ. ‘ನಾನು ಯಾರು’ ಎಂಬುದು ಒಂದು ಪ್ರಶ್ನೆ. ‘ನನ್ನ ಒಲವು ಯಾರ ಮೇಲೆ’ ಎಂಬುದು ಬೇರೊಂದು ಪ್ರಶ್ನೆ. ತಮ್ಮ ಲಿಂಗದವರನ್ನೇ ಪ್ರೀತಿಸುವವರನ್ನು ‘ಸಲಿಂಗಕಾಮಿ’ ಎಂದು ಬರೆಯುವ ವಾಡಿಕೆ ಬಹುಕಾಲದಿಂದ ಇದೆ. ಆ ಪದ ಒಬ್ಬ ಮನುಷ್ಯನ ಬಾಳನ್ನೆಲ್ಲ ಕಾಮವೆಂಬ ಒಂದೇ ಮಾತಿಗೆ ಇಳಿಸುತ್ತದೆ. ಆದುದರಿಂದ ‘ಸಲಿಂಗಪ್ರೇಮಿ’ ಎಂಬ ಮಾತು ಈಗ ಬಳಕೆಗೆ ಬಂದಿದೆ. ಇದು ರೋಗವೂ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆಯು 1990ರ ಮೇ 17ರಂದು ಸಲಿಂಗಪ್ರೇಮವನ್ನು ರೋಗಗಳ ಪಟ್ಟಿಯಿಂದ ಕೈಬಿಟ್ಟಿತು.

ಮಾತು ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಚರಿತ್ರೆಯೇ ಸಾಕ್ಷಿ. 1871ರಲ್ಲಿ ಬ್ರಿಟಿಷ್ ಸರ್ಕಾರವು ಅಪರಾಧಿ ಬುಡಕಟ್ಟುಗಳ ಕಾಯಿದೆಯನ್ನು ತಂದಿತು. ಅದರ ಒಂದು ಭಾಗ ಹಿಜ್ರಾ ಸಮುದಾಯದವರನ್ನು ‘ನಪುಂಸಕರು’ ಎಂಬ ಅರ್ಥದ ಇಂಗ್ಲಿಷ್ ಪದದಿಂದ ಹೆಸರಿಸಿ, ಅವರ ಹೆಸರುಗಳನ್ನು ದಾಖಲೆ ಮಾಡಿ ಕಣ್ಣಿಡಬೇಕೆಂದು ವಿಧಿಸಿತು. ಏನೂ ತಪ್ಪು ಮಾಡದವರೂ ಸಂಶಯಕ್ಕೆ ಗುರಿಯಾದರು. ಆ ಕಾಲ ಕಳೆದುಹೋಯಿತೆಂದು ನಾವು ತಿಳಿಯುವಂತಿರಲಿಲ್ಲ. 2011ರಲ್ಲಿ ಕರ್ನಾಟಕ ಪೊಲೀಸ್ ಕಾಯಿದೆಗೆ ಸೇರಿದ 36ಎ ಎಂಬ ಕಲಮಿನಲ್ಲಿಯೂ ಅದೇ ಪದ, ಅದೇ ಸಂಶಯ ಮರಳಿ ಬಂದವು. ಸಮುದಾಯದವರು ಉಚ್ಚ ನ್ಯಾಯಾಲಯದ ಮೊರೆಹೊಕ್ಕರು. ಅನಂತರ ಕಾಯಿದೆಗೆ ತಿದ್ದುಪಡಿಯಾಗಿ, ಆ ಪದದ ಸ್ಥಾನದಲ್ಲಿ ‘ವ್ಯಕ್ತಿಗಳು’ ಎಂಬ ಮಾತು ಬಂದಿತು. ಒಂದು ಪದವನ್ನು ತೆಗೆಸುವುದಕ್ಕೆ ನ್ಯಾಯಾಲಯದವರೆಗೆ ಹೋಗಬೇಕಾಯಿತೆಂದರೆ ಪದದ ಭಾರ ಎಷ್ಟೆಂಬುದನ್ನು ಊಹಿಸಿಕೊಳ್ಳಬಹುದು.

ಸರಿಯಾದ ಮಾತನ್ನು ಅರಿಯುವ ಬಗೆಯನ್ನು ನೆರೆಯ ತಮಿಳುನಾಡಿನ ಒಂದು ಘಟನೆ ತೋರಿಸಿಕೊಡುತ್ತದೆ. ಪರಸ್ಪರ ಪ್ರೀತಿಸಿದ ಇಬ್ಬರು ಯುವತಿಯರು ಮನೆಯವರ ವಿರೋಧಕ್ಕೆ ಹೆದರಿ ಮಧುರೆಯಿಂದ ಚೆನ್ನೈಗೆ ಬಂದರು. ರಕ್ಷಣೆ ಕೋರಿ ಮದ್ರಾಸ್ ಉಚ್ಚ ನ್ಯಾಯಾಲಯದ ಮೆಟ್ಟಿಲೇರಿದರು. ಪ್ರಕರಣ ನ್ಯಾಯಮೂರ್ತಿ ಎನ್. ಆನಂದ್ ವೆಂಕಟೇಶ್ ಅವರ ಮುಂದೆ ಬಂದಿತು. ಈ ವಿಷಯದಲ್ಲಿ ತಮಗೆ ತಿಳಿವಳಿಕೆ ಸಾಲದೆಂದು ಆ ನ್ಯಾಯಮೂರ್ತಿಗಳು ಬಹಿರಂಗವಾಗಿಯೇ ಒಪ್ಪಿಕೊಂಡರು. ತೀರ್ಪು ಬರೆಯುವ ಮೊದಲು ಮನಶ್ಶಾಸ್ತ್ರಜ್ಞರ ಬಳಿಗೆ ತಾವೇ ಹೋಗಿ ವಿದ್ಯಾರ್ಥಿಯಂತೆ ಕಲಿತರು. ಸಮುದಾಯದವರ ಮಾತನ್ನೂ ಕೇಳಿದರು. 2021ರ ಜೂನ್ 7ರಂದು ಅವರು ನೀಡಿದ ಆದೇಶ ಆ ಯುವತಿಯರ ನೆರವಿಗೆ ನಿಂತಿತು. ಅಲ್ಲಿಗೂ ನಿಲ್ಲದೆ, ಇಂಥವರನ್ನು ಗೌರವದಿಂದ ಹೆಸರಿಸಲು ಪದಗಳ ಒಂದು ಪಟ್ಟಿ ಬೇಕೆಂಬ ವಿಚಾರವೂ ಅದೇ ಪ್ರಕರಣದಲ್ಲಿ ಬೆಳೆಯಿತು. 2022ರ ಆಗಸ್ಟ್‌ನಲ್ಲಿ ತಮಿಳುನಾಡು ಸರ್ಕಾರ ಅಂಥ ಪದಕೋಶವನ್ನು ಪ್ರಕಟಿಸಿತು. ಟ್ರಾನ್ಸ್ ಮಹಿಳೆಗೆ ‘ತಿರುನಂಗೈ’, ಟ್ರಾನ್ಸ್ ಪುರುಷನಿಗೆ ‘ತಿರುನಂಬಿ’ ಎಂಬ ಮಾತುಗಳು ತಮಿಳಿನಲ್ಲಿವೆ. ‘ತಿರು’ ಎಂದರೆ ನಮ್ಮ ‘ಶ್ರೀ’ಯಂತೆ ಮರ್ಯಾದೆಯ ಪದ. ತಿಳಿಯದಿರುವುದು ದೋಷವಲ್ಲ, ತಿಳಿಯಲು ಒಪ್ಪದಿರುವುದೇ ದೋಷ ಎಂಬುದನ್ನು ಆ ನ್ಯಾಯಮೂರ್ತಿಗಳ ನಡೆ ತೋರಿಸಿತು.

ಹಾಗಾದರೆ ಕನ್ನಡದಲ್ಲಿ ನಾವು ಏನು ಮಾಡಬೇಕು? ಪುಲ್ಲಿಂಗ, ಸ್ತ್ರೀಲಿಂಗ, ನಪುಂಸಕಲಿಂಗ ಎಂಬ ಭೇದಗಳನ್ನು ನೀವು ವ್ಯಾಕರಣದಲ್ಲಿ ಓದಿದ್ದೀರಿ. ಕಲ್ಲು, ಮರ, ಮೇಜುಗಳನ್ನು ‘ಅದು’ ಎನ್ನುತ್ತೇವೆ. ದಾರಿಯಲ್ಲಿ ಹೋಗುವ ಒಬ್ಬರನ್ನು ತೋರಿಸಿ ‘ಅದು ಬಂತು’ ಎಂದು ನಕ್ಕರೆ ಜೀವವುಳ್ಳ ಮನುಷ್ಯರನ್ನು ಕಲ್ಲಿನ ಸಾಲಿಗೆ ಇಳಿಸಿದಂತಾಯಿತು. ‘ಶಿಖಂಡಿ’, ‘ನಪುಂಸಕ’ ಎಂಬ ಮಾತುಗಳನ್ನು ಬೈಗುಳವಾಗಿ ಬಳಸುವುದೂ ಹೀನವಾದ ನಡತೆಯೇ. ಆದರೆ ಇದೇ ಕನ್ನಡ ನಮಗೆ ‘ಅವರು’ ಎಂಬ ಮಾತನ್ನೂ ಕೊಟ್ಟಿದೆ. ತಂದೆ ಬಂದರು, ತಾಯಿ ಬಂದರು. ಈ ಗೌರವದ ಬಹುವಚನಕ್ಕೆ ಗಂಡು ಹೆಣ್ಣೆಂಬ ಭೇದವೇ ಇಲ್ಲ. ಒಬ್ಬರ ಗುರುತು ನಮಗೆ ತಿಳಿಯದಿದ್ದಾಗ ‘ಅವರು’ ಎನ್ನುವುದಕ್ಕಿಂತ ಒಳ್ಳೆಯ ಮಾತು ಬೇರೆ ಬೇಕಿಲ್ಲ. ತಿಳಿದ ಮೇಲೆ, ಅವರು ತಮ್ಮನ್ನು ಅಕ್ಕ ಎಂದುಕೊಂಡರೆ ನಾವೂ ಅಕ್ಕ ಎನ್ನಬೇಕು. ಅಣ್ಣ ಎಂದುಕೊಂಡರೆ ಅಣ್ಣ ಎನ್ನಬೇಕು. ಅವರು ಬಿಟ್ಟ ಹಳೆಯ ಹೆಸರನ್ನು ಕೆದಕುವುದಾಗಲಿ, ದೇಹದ ವಿಷಯವನ್ನು ಪ್ರಶ್ನಿಸುವುದಾಗಲಿ ಸಲ್ಲದು.

ಒಂದು ಮಾತು ಎಲ್ಲರಿಗೂ ಒಪ್ಪುತ್ತದೆ ಎಂದೂ ಭಾವಿಸಬಾರದು. ಜೋಗತಿ, ಜೋಗಪ್ಪ ಎಂಬ ಹೆಸರುಗಳು ಎಲ್ಲಮ್ಮನ ಸೇವೆಯ ಪರಂಪರೆಗೆ ಸೇರಿದವು. ಆ ಪರಂಪರೆಯ ಹೊರಗಿನವರಿಗೆ ಅವು ಅನ್ವಯಿಸವು. ‘ಮಂಗಳಮುಖಿ’ ಎಂಬ ಮಾತನ್ನು ಕೆಲವರು ಮೆಚ್ಚಬಹುದು, ಕೆಲವರು ಬೇಡವೆನ್ನಬಹುದು. ಬಳ್ಳಾರಿ ಸೀಮೆಯ ಮಂಜಮ್ಮನವರು ಜೋಗತಿ ಎಂಬ ಹೆಸರನ್ನು ಹೆಮ್ಮೆಯಿಂದ ತಮ್ಮ ಹೆಸರಿನೊಡನೆ ಇರಿಸಿಕೊಂಡರು. ಜೋಗತಿ ನೃತ್ಯವನ್ನು ರಂಗದ ಮೇಲೆ ಮೆರೆಸಿದ ಅವರು 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. 2021ರಲ್ಲಿ ಪದ್ಮಶ್ರೀ ಪ್ರಶಸ್ತಿಗೆ ಪಾತ್ರರಾದರು. ಒಬ್ಬರು ತಾವೇ ಆರಿಸಿಕೊಂಡ ಹೆಸರಿನಲ್ಲಿ ಎಂಥ ಘನತೆ ಇರಬಲ್ಲುದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕೆ?

2014ರ ಏಪ್ರಿಲ್ 15ರಂದು ನಮ್ಮ ದೇಶದ ಸರ್ವೋಚ್ಚ ನ್ಯಾಯಾಲಯವು, ತನ್ನ ಲಿಂಗತ್ವವನ್ನು ತಾನೇ ಗುರುತಿಸಿಕೊಳ್ಳುವುದು ವ್ಯಕ್ತಿಯ ಹಕ್ಕೆಂದು ತೀರ್ಪಿತ್ತಿತು. 2018ರ ಸೆಪ್ಟೆಂಬರ್ 6ರಂದು, ವಯಸ್ಕರ ಸಮ್ಮತಿಯ ಸಲಿಂಗ ಸಂಬಂಧ ಅಪರಾಧವಲ್ಲವೆಂದು ಸಾರಿತು. ನ್ಯಾಯಾಲಯ ತೀರ್ಪು ಕೊಡಬಲ್ಲದು. ಆದರೆ ನಮ್ಮ ತರಗತಿಯ ಕೊನೆಯ ಬೆಂಚಿನಲ್ಲಿ ತಲೆ ತಗ್ಗಿಸಿ ಕುಳಿತವರನ್ನು ಅವರ ಹೆಸರಿನಿಂದ ಕರೆದು ಪಕ್ಕದಲ್ಲಿ ಕೂರಿಸಿಕೊಳ್ಳಬೇಕಾದವರು ನಾವೇ. ನಾಳೆ ಹಾಜರಿ ಕೂಗುವಾಗ ಆ ದನಿಯೂ ಅಂಜಿಕೆಯಿಲ್ಲದೆ ಉತ್ತರ ಕೊಡುವಂತಾದರೆ ಈ ಪಾಠ ಓದಿದುದು ಸಾರ್ಥಕ.

ಅಭ್ಯಾಸ

1. ಲಿಂಗತ್ವದ ಗುರುತಿಗೂ ಲೈಂಗಿಕ ಒಲವಿಗೂ ಇರುವ ವ್ಯತ್ಯಾಸವೇನು?
2. ತೀರ್ಪು ಬರೆಯುವ ಮೊದಲು ಮದ್ರಾಸ್ ಉಚ್ಚ ನ್ಯಾಯಾಲಯದ ನ್ಯಾಯಮೂರ್ತಿಗಳು ಏನು ಮಾಡಿದರು? ಅದರಿಂದ ನೀವು ಕಲಿಯುವುದೇನು?
3. ‘ಅದು’ ಮತ್ತು ‘ಅವರು’ ಎಂಬ ಸರ್ವನಾಮಗಳ ಬಗ್ಗೆ ಲೇಖಕರ ಅಭಿಪ್ರಾಯವನ್ನು ವಿವರಿಸಿರಿ.
4. ‘ಮಾತೇ ಮುತ್ತು, ಮಾತೇ ಮೃತ್ಯು’ ಎಂಬ ಗಾದೆಯನ್ನು ಪಾಠದ ಆಧಾರದಿಂದ ವಿಸ್ತರಿಸಿ ಬರೆಯಿರಿ.