ಮನೆಮಂದಿಗೆಲ್ಲ ಸೀನು: ವಂಶವಾಹಿಯ ಪಾಲೆಷ್ಟು?

ಮಕ್ಕಳೇ, ನಮ್ಮ ದೊಡ್ಡಗಾಜನೂರಿನ ಕಡೆ ಚಳಿ ಶುರುವಾದರೆ ತರಗತಿಯಲ್ಲಿ ಸೀನೋ ಸದ್ದು ಹೆಚ್ಚು. "ನಮ್ಮಪ್ಪನಿಗೂ ಹೀಗೇ, ತಾತನಿಗೂ ಹೀಗೇ, ಏನು ಮಾಡೋದು ಸಾರ್?" ಎಂದು ಕೆಲವರು ಕೇಳುತ್ತೀರಿ. ಇದು ನಿಜವಾಗಿ ವಂಶದಿಂದಲೇ ಬಂದದ್ದಾ? ನೋಡೋಣ.

ಸೈನಸ್ ಅಂದರೇನು?
ಮೂಗಿನ ಸುತ್ತಲ ಮೂಳೆಗಳಲ್ಲಿ ಗಾಳಿ ತುಂಬಿದ ನಾಲ್ಕು ಜೋಡಿ ಪೊಳ್ಳು ಜಾಗಗಳಿವೆ. ಇವೇ ಸೈನಸ್‌ಗಳು. ಇವುಗಳ ಒಳಪದರದ ಲೋಳೆಯಲ್ಲಿ ಧೂಳು, ಬ್ಯಾಕ್ಟೀರಿಯಾ ಅಂಟಿಕೊಳ್ಳುತ್ತವೆ. ಸಿಲಿಯಾ ಎಂಬ ಸೂಕ್ಷ್ಮ ರೋಮಗಳು ಅದನ್ನು ಗುಡಿಸಿ ಹೊರಹಾಕುತ್ತವೆ. ಒಳಪದರ ಊದಿಕೊಂಡರೆ ದಾರಿ ಮುಚ್ಚಿ, ಮೂಗು ಕಟ್ಟಿ, ಮುಖ ಭಾರವಾಗುತ್ತದೆ. 12 ವಾರವಾದರೂ ಹೋಗದಿದ್ದರೆ ಅದು ದೀರ್ಘಕಾಲದ ಸೈನಸ್ ಉರಿಯೂತ.

ವಂಶವೋ, ಒಲೆಯ ಹೊಗೆಯೋ?
ಒಂದೇ ಮನೆಯವರು ವಂಶವಾಹಿಗಳನ್ನು ಮಾತ್ರವಲ್ಲ, ಒಂದೇ ಒಲೆಯ ಹೊಗೆಯನ್ನೂ ಹಂಚಿಕೊಳ್ಳುತ್ತಾರೆ. ಇವೆರಡನ್ನು ಬೇರ್ಪಡಿಸಲು ವಿಜ್ಞಾನಿಗಳು ಅವಳಿಗಳನ್ನು ನೋಡುತ್ತಾರೆ. ತದ್ರೂಪಿ ಅವಳಿಗಳ ವಂಶವಾಹಿಗಳು ಹೆಚ್ಚುಕಡಿಮೆ ಒಂದೇ. ಉಳಿದ ಅವಳಿಗಳು ಬೇರೆ ಅಣ್ಣತಮ್ಮಂದಿರಷ್ಟೇ ಹೋಲುತ್ತಾರೆ. ಅಲರ್ಜಿ ನೆಗಡಿ, ಉಬ್ಬಸ ಇಬ್ಬರಿಗೂ ಇರುವುದು ತದ್ರೂಪಿಗಳಲ್ಲೇ ಹೆಚ್ಚು. ಹಾಗಾಗಿ ವಂಶವಾಹಿಗೆ ಪಾಲಿದೆ. ಆದರೆ ತದ್ರೂಪಿಗಳಲ್ಲೂ ಒಬ್ಬರಿಗೆ ಇದ್ದು ಇನ್ನೊಬ್ಬರಿಗೆ ಇಲ್ಲದಿರುವುದುಂಟು. ಹಾಗಾಗಿ ಎಲ್ಲವೂ ವಂಶವಾಹಿಯಲ್ಲ.

ಮೂಗಿನಲ್ಲಿ ಕಹಿಯ ಕಾವಲು
1931ರಲ್ಲಿ ಅಮೆರಿಕದ ಆರ್ಥರ್ ಫಾಕ್ಸ್ ಅವರ ಪ್ರಯೋಗಾಲಯದಲ್ಲಿ ಪಿಟಿಸಿ ಎಂಬ ಪುಡಿ ಗಾಳಿಗೆ ಹಾರಿತು. ಜೊತೆಯವರಿಗೆ ಬಾಯೆಲ್ಲ ಕಹಿ, ಫಾಕ್ಸ್‌ಗೆ ಏನೂ ಇಲ್ಲ! ಈ ವ್ಯತ್ಯಾಸಕ್ಕೆ ಮುಖ್ಯ ಕಾರಣ 7ನೇ ವರ್ಣತಂತುವಿನಲ್ಲಿರುವ ಟಿಎಎಸ್2ಆರ್38 ಎಂಬ ವಂಶವಾಹಿ ಎಂದು ಆಮೇಲೆ ತಿಳಿಯಿತು. ಅದು ಕಹಿಯನ್ನು ಗುರುತಿಸುವ ಒಂದು ಗ್ರಾಹಕವನ್ನು ತಯಾರಿಸುತ್ತದೆ.

ಅದೇ ಗ್ರಾಹಕ ಮೂಗಿನ ಒಳಪದರದಲ್ಲೂ ಕೆಲಸ ಮಾಡುತ್ತದೆಂದು 2012ರಲ್ಲಿ ವಿಜ್ಞಾನಿಗಳು ತೋರಿಸಿದರು. ಕೆಲವು ಬ್ಯಾಕ್ಟೀರಿಯಾಗಳು ಬಿಡುವ ರಾಸಾಯನಿಕವನ್ನು ಅದು ಹಿಡಿಯುತ್ತದೆ. ಕೂಡಲೇ ಜೀವಕೋಶಗಳು ನೈಟ್ರಿಕ್ ಆಕ್ಸೈಡ್ ಬಿಡುತ್ತವೆ. ಅದು ಬ್ಯಾಕ್ಟೀರಿಯಾಗಳನ್ನು ಕೊಲ್ಲುತ್ತದೆ, ಸಿಲಿಯಾದ ಗುಡಿಸುವ ವೇಗವನ್ನೂ ಹೆಚ್ಚಿಸುತ್ತದೆ. ತಂದೆ, ತಾಯಿ ಇಬ್ಬರಿಂದಲೂ ಸರಿಯಾಗಿ ಕೆಲಸ ಮಾಡದ ರೂಪ ಬಂದವರಲ್ಲಿ ಈ ಕಾವಲು ಸಡಿಲ. ಹಾಗಂತ ಅವರಿಗೆಲ್ಲ ಸೈನಸ್ ತೊಂದರೆ ಬಂದೇ ಬರುತ್ತದೆ ಅನ್ನೋ ಹಾಗಿಲ್ಲ. ಇಂಥ ಹಲವು ವಂಶವಾಹಿಗಳ ಸಣ್ಣ ಸಣ್ಣ ಪಾಲು ಸೇರಬೇಕು, ಹೊರಗಿನ ಕಾರಣವೂ ಕೂಡಿಬರಬೇಕು.

ನಮ್ಮ ಕೈಲಿರೋದೇನು?
ವಂಶವಾಹಿ ಬದಲಿಸಲಾರೆವು. ಆದರೆ ಅಡುಗೆಮನೆಯ ಹೊಗೆ ಹೊರಹೋಗಲು ದಾರಿ ಮಾಡಬಹುದು. ಪಾರ್ಥೇನಿಯಂ ಗಿಡವನ್ನು ಹೂ ಬಿಡುವ ಮೊದಲೇ ಕೀಳಿಸಬಹುದು. ಅಲರ್ಜಿ ಇದ್ದವರು ಮಾತ್ರ ಅದನ್ನು ಮುಟ್ಟಬೇಡಿ. ಮೂಗು ಕಟ್ಟುವುದು ವಾರಗಟ್ಟಲೆ ಉಳಿದರೆ ವೈದ್ಯರಿಗೆ ತೋರಿಸಿ. ಉಸಿರಾಡಲು ಕಷ್ಟವಾದರೆ, ಕಣ್ಣಿನ ಸುತ್ತ ಊದಿಕೊಂಡರೆ ತಡಮಾಡಬೇಡಿ. "ಇದು ನಮ್ಮ ವಂಶದ್ದು" ಅಂತ ಸುಮ್ಮನೆ ಕೂರಬೇಡಿ.

ಮಾಡಿ ನೋಡಿ
ಮನೆಯವರನ್ನು ಕೇಳಿ ಮೂರು ತಲೆಮಾರಿನ ವಂಶವೃಕ್ಷ ಬರೆಯಿರಿ. ಗಂಡಸರಿಗೆ ಚೌಕ, ಹೆಂಗಸರಿಗೆ ವೃತ್ತ. ಅಲರ್ಜಿ, ಉಬ್ಬಸ ಇದ್ದವರ ಗುರುತಿಗೆ ಬಣ್ಣ ತುಂಬಿ. ಪ್ರತಿಯೊಬ್ಬರ ಪಕ್ಕದಲ್ಲಿ ಸೌದೆ ಒಲೆಯೋ, ಗ್ಯಾಸೋ ಎಂದೂ ಬರೆಯಿರಿ. ಬಣ್ಣ ವಂಶದ ಜೊತೆ ಹೋಗಿದೆಯೋ, ಒಲೆಯ ಜೊತೆಯೋ? ಒಂದೇ ಮನೆಯ ಪಟ್ಟಿಯಿಂದ ಇದನ್ನು ಖಚಿತವಾಗಿ ಹೇಳಲು ಏಕೆ ಆಗುವುದಿಲ್ಲ?