ಕಾಯವೆಂಬ ವೀಣೆ: ಬಡಮಕ್ಕಳಿಗೆ ಕಲಾದಾಸೋಹ



ದಾಸೋಹವೆಂದೊಡನೆ ಗೃಹಸ್ಥರಾದ ನಮ್ಮ ಮನಸ್ಸು ಅನ್ನದ ಕಡೆಗೆ ಹರಿಯುತ್ತದೆ. ಹಸಿದವನಿಗೆ ಅನ್ನವಿಕ್ಕುವುದು ಪರಮಪುಣ್ಯವೆಂಬುದರಲ್ಲಿ ಸಂಶಯವಿಲ್ಲ. ಆದರೆ ಇಂದು ಉಂಡ ಅನ್ನ ನಾಳೆಯ ಹಸಿವನ್ನು ನೀಗಿಸದು. ಬಡವರ ಮನೆಯ ಕೂಸಿಗೆ ನಾಳೆಯ ವಿಷಯದಲ್ಲಿ ಭರವಸೆ ಹುಟ್ಟಿಸುವ ದಾಸೋಹ ಮತ್ತೊಂದುಂಟು. ಅದು ಕಲೆಯ ದಾಸೋಹ. ಅದನ್ನು ಈ ಪಾಠದಲ್ಲಿ ವಿಚಾರಿಸೋಣ.

ತಮ್ಮ ಕಾಯವನ್ನೇ ವೀಣೆಯಾಗಿಸಿ ನುಡಿಸಬೇಕೆಂದು ಬಸವಣ್ಣನವರು ಕೂಡಲಸಂಗಮದೇವನನ್ನು ಪ್ರಾರ್ಥಿಸಿದ ವಚನವು ಸರ್ವವಿದಿತವಾದುದು. ಅದರ ಮುಖ್ಯಾರ್ಥ ಸಮರ್ಪಣೆ. ಅದರಿಂದ ಮತ್ತೊಂದು ಅರ್ಥವೂ ಹೊರಡುತ್ತದೆ: ವೀಣೆಯಾಗಲು ಬೇಕಾದುದು ಐಶ್ವರ್ಯವಲ್ಲ, ಕಾಯ. ಅದು ಸಿರಿವಂತನ ಮಗನಿಗೆಷ್ಟೋ ಕೂಲಿಯವನ ಮಗಳಿಗೂ ಅಷ್ಟೇ ಉಂಟು. ಕೊರತೆಯಿರುವುದು ನುಡಿಸುವ ಕೈಗೆ, ಎಂದರೆ ಗುರುವಿಗೆ.

ಇದಕ್ಕೆ ದೃಷ್ಟಾಂತವನ್ನು ದೂರ ಹುಡುಕಬೇಕಾಗಿಲ್ಲ. 1892ರಲ್ಲಿ ಹಾನಗಲ್ಲು ಸೀಮೆಯ ಕಾಡಶೆಟ್ಟಿಹಳ್ಳಿಯಲ್ಲಿ ಹುಟ್ಟುಗುರುಡನಾಗಿ ಜನಿಸಿದ ಗದಿಗೆಯ್ಯನನ್ನು ಲೋಕವು ನಿರ್ಭಾಗ್ಯನೆಂದು ಕರೆದಿರಬೇಕು. ಹಾನಗಲ್ಲ ಕುಮಾರ ಸ್ವಾಮಿಗಳು ಆತನ ಕಂಠವನ್ನು ಗುರುತಿಸಿದರು, ಸಂಗೀತ ಕಲಿಯಲು ಏರ್ಪಾಡು ಮಾಡಿದರು. ಆ ಬಾಲಕನೇ ಗಾನಯೋಗಿ ಪಂಚಾಕ್ಷರ ಗವಾಯಿಗಳು. ತಾವು ಪಡೆದುದನ್ನು ಅವರು ತಮ್ಮಲ್ಲಿಯೇ ಇರಿಸಿಕೊಳ್ಳಲಿಲ್ಲ. ಅಂಧರೂ ಅನಾಥರೂ ಆದ ಮಕ್ಕಳನ್ನು ಕೂಡಿಕೊಂಡು, ಊರೂರು ಸಂಚರಿಸುತ್ತ, ಭಿಕ್ಷೆಯೆತ್ತಿ ಉಣಿಸಿ ಕಲಿಸಿದರು. ಗದುಗಿನ ವೀರೇಶ್ವರ ಪುಣ್ಯಾಶ್ರಮ ಅವರ ತಪಸ್ಸಿನ ಫಲ. 1944ರಲ್ಲಿ ಅವರು ಲಿಂಗೈಕ್ಯರಾದ ತರುವಾಯ, ಶೈಶವದಲ್ಲಿಯೇ ದೃಷ್ಟಿ ಕಳೆದುಕೊಂಡಿದ್ದ ಶಿಷ್ಯ ಪುಟ್ಟರಾಜ ಗವಾಯಿಗಳು 2010ರವರೆಗೂ ಆ ಭಾರವನ್ನು ಹೊತ್ತರು. ಅವರು ನಾಟಕಗಳನ್ನು ರಚಿಸಿದರು. ಆಶ್ರಮದ ನಾಟಕ ಸಂಘವು ಅವನ್ನಾಡಿ ಗಳಿಸಿದ ಹಣದಿಂದ ಮಕ್ಕಳ ಅನ್ನಕ್ಕೆ ಆಧಾರವಾಯಿತು. ಅನ್ನವು ಕಲೆಯನ್ನು ಸಾಕಿತು, ಕಲೆಯು ಅನ್ನವನ್ನು ಸಾಕಿತು. ಪಂಡಿತ ಬಸವರಾಜ ರಾಜಗುರುಗಳೂ ಪಂಡಿತ ವೆಂಕಟೇಶಕುಮಾರರೂ ಈ ಗುರುಪರಂಪರೆಯ ಫಲಗಳೇ.

“ಎಲ್ಲರೂ ಗವಾಯಿಗಳಾಗುವರೇ? ಕಲೆಯಿಂದ ಹೊಟ್ಟೆ ತುಂಬುವುದೇ?” ಎಂದು ಕೆಲವರು ಆಕ್ಷೇಪಿಸಬಹುದು. ಎಲ್ಲರೂ ಆಗಲಾರರು, ನಿಜ. ಆದರೆ “ನನ್ನ ಕೈಯಿಂದ ಒಂದು ಚೆಲುವು ಹುಟ್ಟಿತು” ಎಂಬ ಅರಿವು ಬಂದ ಮಗು ತನ್ನನ್ನು ತಾನು ಹೀನವೆಂದು ಬಗೆಯದು. ಬಡತನದ ಕಡುದುಃಖ ಹಸಿವೊಂದೇ ಅಲ್ಲ. ತಾನು ಯಾವುದಕ್ಕೂ ಬಾರದವನೆಂಬ ಭಾವವೂ ಹೌದು. ಕಲೆಯು ಮೊದಲು ಕಳೆಯುವುದು ಈ ಭಾವವನ್ನು. ಒಂದು ಎಚ್ಚರಿಕೆಯೂ ಬೇಕು: ಮಗುವನ್ನು ಶಾಲೆ ಬಿಡಿಸಿ ಕೂಲಿಗೆ ಕೂರಿಸಿ, ಅದನ್ನೇ ಕಲೆಯೆನ್ನುವುದು ದಾಸೋಹವಲ್ಲ, ದ್ರೋಹ.

ಈ ಮಾತನ್ನು ಬರೆಯುವ ನಾನೂ ನಿರ್ದೋಷಿಯಲ್ಲ. ಹಲವು ವರುಷಗಳ ಹಿಂದೆ ಅಕ್ಕೂರಿನ ಕಡೆಯ ಕೂಲಿಕಾರನ ಮಗನೊಬ್ಬ ನನ್ನ ತರಗತಿಯಲ್ಲಿದ್ದ. ಲೆಕ್ಕದ ಪುಸ್ತಕದ ತುಂಬ ತೇರು, ಎತ್ತು, ಬಸವನ ಚಿತ್ರಗಳನ್ನೇ ಬರೆಯುತ್ತಿದ್ದ. ಒಂದು ದಿನ ನಾನು ಸಿಟ್ಟಿನಿಂದ ಆ ಹಾಳೆಯನ್ನು ಹರಿದೆನು. ಬಾಲಕ ಅಳಲಿಲ್ಲ, ಆದರೆ ಮತ್ತೆಂದೂ ಚಿತ್ರ ಬರೆಯಲಿಲ್ಲ, ಮರುವರುಷ ಶಾಲೆಗೂ ಬರಲಿಲ್ಲ. ವೀಣೆ ನನ್ನೆದುರಿಗೇ ಇತ್ತು. ನಾನು ತಂತಿಯನ್ನು ಕಡಿದೆನು.

ನಮ್ಮ ಚನ್ನಪಟ್ಟಣದ ಬೊಂಬೆ ಮಾಡುವವರನ್ನು ನೋಡಿರಿ. ಆಲೆಮರದ ತುಂಡು ಯಂತ್ರದಲ್ಲಿ ತಿರುಗುತ್ತಿರುವಾಗಲೇ ಬಣ್ಣದ ಅರಗನ್ನು ಒತ್ತುತ್ತಾರೆ. ಘರ್ಷಣೆಯ ಕಾವಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ. ತಿರುಗುವುದು ನಿಂತ ಮೇಲೆ ಎಷ್ಟು ಒತ್ತಿದರೂ ಹತ್ತದು. ಬಾಲ್ಯವೂ ಅಂತಹ ಕಾಲ.

ಆದುದರಿಂದ ಸದ್ಭಕ್ತರೇ, ನಿಮ್ಮ ಕೇರಿಯಲ್ಲಿ ಹಾಡುವ, ಬರೆಯುವ, ಮಣ್ಣಿನಲ್ಲಿ ಬೊಂಬೆ ಮಾಡುವ ಬಡಮಗುವೊಂದು ಇದ್ದೇ ಇರುತ್ತದೆ. ಅದಕ್ಕೆ ಒಂದು ಹಾಳೆ, ಒಂದು ಏಕತಾರಿ, ಒಬ್ಬ ಗುರುವನ್ನು ಒದಗಿಸಿರಿ. ಅದೂ ಆಗದಿದ್ದರೆ, ಅದು ಮಾಡಿದುದನ್ನು ಒಂದು ಕ್ಷಣ ನಿಂತು ನೋಡಿ, “ಚೆನ್ನಾಗಿದೆ ಕಂದ” ಎನ್ನಿರಿ. ಅದೂ ದಾಸೋಹವೇ.